ವಾರಗಿತ್ತಿಯರು ಶಿವನಸಮುದ್ರಕ್ಕೆ ಹೋದದ್ದು

ಅತ್ತೆಯ ಹನ್ನೊಂದನೇ ದಿನದ ಕಾರ್ಯ ಮುಗಿದು ಮೂರು ವಾರವಾಗಿತ್ತು. ಒಂದು ಸಂಜೆ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಅಕ್ಕನ ಫೋನು ಬಂತು. ಅಕ್ಕ ಎಂದರೆ ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ನನಗಿಂತ ಎಂಟು ವರ್ಷ ದೊಡ್ಡವರು. ಕೆರಗೋಡಿನಿಂದ ಆಚೆ ಇರುವ ನಮ್ಮ ಹಳ್ಳಿಯಲ್ಲಿ ಭಾವನ ಜೊತೆ ಗದ್ದೆ, ಕಬ್ಬು, ಎರಡು ಹಸು ನೋಡಿಕೊಂಡು ಇರುವವರು. ನಾನು ಮಂಡ್ಯದಲ್ಲಿ ಹೈಸ್ಕೂಲು ಟೀಚರು. ಅವರು ನನಗೆ ಫೋನು ಮಾಡುತ್ತಿದ್ದದ್ದು ಏನಾದರೂ ಬೇಕಾದಾಗ ಮಾತ್ರ. ಅತ್ತೆಯ ಮಾತ್ರೆ ಮುಗಿದಿದೆ, ಹಾಸಿಗೆ ಮೇಲೆ ಹಾಕುವ ರಬ್ಬರ್ ಶೀಟು ಹರಿದಿದೆ, ಡಾಕ್ಟರ ಹತ್ತಿರ ಚೀಟಿ ಬರೆಸಬೇಕು. ಈಗ ಅತ್ತೆಯೇ ಇಲ್ಲ, ಇನ್ನೇನಿರಬಹುದು ಎಂದುಕೊಂಡು ಎತ್ತಿದೆ.

“ಎಲ್ಗಾರ ಓಗಾಣ ಕಣಮ್ಮಿ, ಒಂದಿನ,” ಅಂದರು.

“ಎಲ್ಲಿಗೆ ಅಕ್ಕ?”

“ಎಲ್ಗಾರ. ಯಾರು ಕೂಗುದ್ರೂ ಕೇಳುಸ್ಬಾರ್ದು, ಅಂತಾ ಕಡೆ.”

ಅವರು ಹೇಳಿದ್ದು ನನಗೆ ಅರ್ಥವಾಯಿತು. ಅತ್ತೆಗೆ ಲಕ್ವ ಹೊಡೆದು ಮೂರು ವರ್ಷ ನಾಲ್ಕು ತಿಂಗಳು ಹಾಸಿಗೆಯಲ್ಲಿದ್ದರು. ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ಉಳಿದದ್ದು ‘ಏ’ ಎನ್ನುವ ಒಂದು ಕೂಗು. ನೀರು ಬೇಕಾದರೂ ಏ, ನೊಣ ಕೂತರೂ ಏ, ಮಗ್ಗುಲು ಹೊರಳಿಸಿ ಎನ್ನುವುದಕ್ಕೂ ಏ. ಮನೆಯಲ್ಲಿ ಯಾರಾದರೂ ಇದ್ದಾರಾ ಎಂದು ತಿಳಿದುಕೊಳ್ಳುವುದಕ್ಕೂ ಅದೇ. ಮೊದಲಿಂದಲೂ ಅವರದು ಗದ್ದೆಯ ಆಚೆ ಬದುವಿನಲ್ಲಿರುವ ಆಳನ್ನು ಈಚೆಯಿಂದ ಕರೆಯುವಂಥ ಗಂಟಲು; ಲಕ್ವ ಅದನ್ನು ಮುಟ್ಟಿರಲಿಲ್ಲ. ಕೊಟ್ಟಿಗೆಗೂ ಕೇಳುತ್ತಿತ್ತು, ಹಿತ್ತಲಿಗೂ ಕೇಳುತ್ತಿತ್ತು. ಅಕ್ಕ ಹಾಲು ಕರೆಯುತ್ತಿದ್ದರೆ ಕೆಚ್ಚಲು ಬಿಟ್ಟು ಎದ್ದು ಹೋಗುತ್ತಿದ್ದರು. ಸ್ನಾನಕ್ಕೆ ಕೂತಿದ್ದರೆ ಒದ್ದೆ ಮೈಮೇಲೆ ಸೀರೆ ಸುತ್ತಿಕೊಂಡು ಓಡುತ್ತಿದ್ದರು. ನಾನು ಶನಿವಾರ ಮಧ್ಯಾಹ್ನ ಹೋಗಿ ಭಾನುವಾರ ಸಂಜೆ ವಾಪಸು ಬರುತ್ತಿದ್ದೆ. ಉಳಿದ ದಿನವೆಲ್ಲ ಆ ಕೂಗು ಅಕ್ಕನ ಪಾಲಿಗೇ.

“ಇನ್ನೂ ಕೇಳುಸ್ತದೆ ಕಣಮ್ಮಿ,” ಅಂದರು ಫೋನಿನಲ್ಲಿ. “ದೆವ್ವ ಗಿವ್ವ ಅಂತ ಅಲ್ಲ. ಕಿವಿಗೆ ಅಭ್ಯಾಸ ಆಗೋಗದೆ. ಕುಂತ್ರೆ ಎದ್ದೇಳ್ತೀನಿ. ಮನಿಕ್ಕಂಡ್ರೆ ಎದ್ದೇಳ್ತೀನಿ. ಎದ್ದು ಕೋಣೆ ಬಾಗ್ಲಲ್ಲಿ ನಿಂತ್ಕಂಡು, ಇಲ್ವಲ್ಲ ಅಂತ ತಿರ್ಗಾ ಬತ್ತೀನಿ.”

ಶ್ರೀರಂಗಪಟ್ಟಣ ನಮಗೆ ಹತ್ತಿರ, ಅದೂ ಹೊಳೆಯ ನಡುಗಡ್ಡೆಯೇ. ಆದರೆ ಅತ್ತೆಯ ಬೂದಿ ಬಿಟ್ಟು ಬಂದದ್ದು ಅಲ್ಲಿ. ಬೇರೆ ಯಾವುದಿದೆ ಎಂದು ಯೋಚಿಸಿ ಶಿವನಸಮುದ್ರಕ್ಕೆ ಹೋಗೋಣ ಎಂದೆ. ಸುತ್ತ ಕಾವೇರಿ, ನೀರು ಬೀಳುವ ಸದ್ದು, ಬುಧವಾರ ಜನವೂ ಕಡಿಮೆ. ನಾನು ಸಿ.ಎಲ್. ಹಾಕುತ್ತೇನೆ ಎಂದೆ. ಅವರು ಒಂದೇ ಒಂದು ಕೇಳಿದರು. “ರೈಲು ಓಯ್ತದಾ ಅಲ್ಗೆ?”

ರೈಲು ಅಲ್ಲಿಗೆ ಹೋಗುವುದಿಲ್ಲ. ಮಂಡ್ಯದಿಂದ ಮಳವಳ್ಳಿಗೆ ನೆಟ್ಟಗೆ ಬಸ್ಸಿದೆ. ಆದರೂ ಅವರ ದನಿ ಕೇಳಿ, ಮದ್ದೂರಿನವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬಸ್ಸು ಹಿಡಿಯೋಣ ಎಂದೆ. ಸುತ್ತು ದಾರಿ, ಪರವಾಗಿಲ್ಲ.

ಮನೆಯಲ್ಲಿ ನಿಜ ಹೇಳುವ ಹಾಗಿರಲಿಲ್ಲ. ಅತ್ತೆ ಸತ್ತು ತಿಂಗಳಾಗಿದೆ ಅಷ್ಟೇ, ಸೊಸೆಯರಿಬ್ಬರೂ ಟೂರು ಹೊರಟರು ಎಂದು ಊರಿನಲ್ಲಿ ಆಡಿಕೊಳ್ಳುತ್ತಿದ್ದರು. ಮಂಡ್ಯದಲ್ಲಿ ಕಣ್ಣು ತೋರಿಸುವುದಿದೆ ಎಂದು ಅಕ್ಕ ಭಾವನಿಗೆ ಹೇಳಿದರು. ನಾನು ನನ್ನ ಗಂಡನಿಗೂ ಅದನ್ನೇ ಹೇಳಿದೆ. ಇಬ್ಬರು ಅಣ್ಣತಮ್ಮಂದಿರೂ ಹೆಚ್ಚು ಕೇಳಲಿಲ್ಲ.

ಬುಧವಾರ ಬೆಳಿಗ್ಗೆ ಏಳಕ್ಕೆ ಮುಂಚೆ ಅಕ್ಕ ಕೆರಗೋಡಿನ ಬಸ್ಸಿನಿಂದ ಮಂಡ್ಯದಲ್ಲಿ ಇಳಿದರು. ಚಳಿಗಾಲದ ಮಂಜು ಇನ್ನೂ ಸರಿದಿರಲಿಲ್ಲ. ಬಣ್ಣ ಮಾಸಿದ ಹಸಿರು ಸೀರೆ, ಮೇಲೊಂದು ಗಂಡಸರ ಸ್ವೆಟರು. ಕೈಯಲ್ಲಿ ಬಟ್ಟೆಯ ಚೀಲ. ಅದರೊಳಗೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಡಬ್ಬಿಯಲ್ಲಿ ಮೊಸರನ್ನ. ನಾಲ್ಕು ಗಂಟೆಗೇ ಎದ್ದಿದ್ದರಂತೆ. ಹಾಲು ಕರೆದು, ಡೇರಿಗೆ ಹಾಕಿ, ಹಸುಗಳಿಗೆ ಹುಲ್ಲು ಹಾಕಿ, ಭಾವನಿಗೆ ಎರಡು ಹೊತ್ತಿಗೆ ಆಗುವಷ್ಟು ಅಡುಗೆ ಮಾಡಿಟ್ಟು ಬಂದಿದ್ದರು. ಮುಖ ಬಾಡಿತ್ತು. ಟೂರಿಗೆ ಹೊರಟವರ ಮುಖ ಅದಲ್ಲ, ಆಸ್ಪತ್ರೆಗೆ ಹೊರಟವರದು. ಕಣ್ಣು ತೋರಿಸುತ್ತೇವೆ ಎಂದದ್ದನ್ನು ಯಾರಾದರೂ ನಂಬಬಹುದಿತ್ತು.

ಆಟೊ ಹಿಡಿದು ಸ್ಟೇಷನ್ನಿಗೆ ಹೋದೆವು. ಬೆಂಗಳೂರಿನ ಕಡೆಯ ಪ್ಯಾಸೆಂಜರು ಕಿಕ್ಕಿರಿದು ಬಂತು. ಕೂರಲು ಜಾಗವಿರಲಿಲ್ಲ. ದಿನಾ ಕೆಲಸಕ್ಕೆ ಹೋಗುವವರು, ಸೊಪ್ಪಿನ ಮೂಟೆಯವರು, ಕಿವಿಗೆ ತಂತಿ ಸಿಕ್ಕಿಸಿಕೊಂಡು ನಿಂತೇ ನಿದ್ದೆ ಮಾಡುವವರು. ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೆವು. ಅಕ್ಕ ಹೊರಗೆ ನೋಡುತ್ತ ನಿಂತರು. ಮಂಜಿನಲ್ಲಿ ಕಬ್ಬಿನ ಗದ್ದೆಗಳು, ಕೊಯ್ದ ಭತ್ತದ ಕೂಳೆ, ಒಂದೊಂದು ತೆಂಗಿನ ತೋಟ. ಇಪ್ಪತ್ತು ನಿಮಿಷ ಕಳೆದಿರಬೇಕು, ಮದ್ದೂರು ಬಂತು, ಇಳಿಯೋಣ ಎಂದೆ.

“ಇಷ್ಟೇಯಾ?” ಅಂದರು.

“ಇಷ್ಟೇ ಅಕ್ಕ.”

ಪ್ಲಾಟ್‌ಫಾರಮ್ಮಿನಲ್ಲಿ ನಿಂತು ರೈಲಿನ ಬಾಲ ಕಾಣದಾಗುವ ತನಕ ನೋಡಿದರು. ಮದುವೆಯಾದ ವರ್ಷ ಭಾವನ ಜೊತೆ ಮೈಸೂರಿಗೆ ಹೋಗಿ ಬಂದದ್ದು ಬಿಟ್ಟರೆ ಅವರು ರೈಲು ಹತ್ತಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಸ್ಟೇಷನ್ನಿನಲ್ಲಿ ವಡೆ ಮಾರುವವನು ಬುಟ್ಟಿ ಹಿಡಿದು ಬಂದ. ಬೇಕಾ ಎಂದೆ. ಬೇಡ, ಹೊಟ್ಟೆ ಉರಿಯುತ್ತದೆ ಎಂದರು.

ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಮಳವಳ್ಳಿ ಬಸ್ಸು ನಿಂತಿತ್ತು. ಸೀಟು ಸಿಕ್ಕಿತು. ಕಂಡಕ್ಟರು ಬಂದು ಆಧಾರ್ ತೋರಿಸಿ ಎಂದ. ಹೆಂಗಸರಿಗೆ ಈಗ ಆಧಾರ್ ತೋರಿಸಿದರೆ ಟಿಕೇಟು ಪುಕ್ಕಟೆ. ಅಕ್ಕ ಸೆರಗಿನ ಗಂಟಿನಿಂದ ಮಡಚಿದ ಪ್ಲಾಸ್ಟಿಕ್ ಕವರು ತೆಗೆದು, ಅದರೊಳಗಿನಿಂದ ಕಾರ್ಡು ತೆಗೆದುಕೊಟ್ಟರು. ಕಂಡಕ್ಟರು ಕಾರ್ಡು ನೋಡಿದ, ಅವರ ಮುಖ ನೋಡಿದ, ಮತ್ತೆ ಕಾರ್ಡು ನೋಡಿದ.

“ಇದು ನೀವಲ್ಲ ಕಣಮ್ಮ.”

ನಾನು ಬಗ್ಗಿ ನೋಡಿದೆ. ಅತ್ತೆಯ ಕಾರ್ಡು. ಕ್ಯಾಮೆರಾ ಎಂದರೆ ಜಗಳಕ್ಕೆ ನಿಂತವರಂತೆ ದುರುಗುಟ್ಟುತ್ತಿದ್ದ ಅತ್ತೆಯ ಫೋಟೊ. ಆಸ್ಪತ್ರೆಗೆ ಹೋದಾಗಲೆಲ್ಲ ಕೇಳುತ್ತಾರೆಂದು ಅಕ್ಕ ಮೂರು ವರ್ಷ ಎರಡೂ ಕಾರ್ಡುಗಳನ್ನು ಒಟ್ಟಿಗೆ ಇಟ್ಟುಕೊಂಡಿದ್ದರು. ಕೈಗೆ ಮೊದಲು ಸಿಗುತ್ತಿದ್ದದ್ದು ಅತ್ತೆಯದೇ.

“ನಮ್ಮತ್ತೇದು,” ಅಂದರು ಅಕ್ಕ. “ತಿಂಗ್ಳಾಯ್ತು ಓಗಿ.”

ಕಂಡಕ್ಟರು ಕಾರ್ಡನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟ. “ನಿಮ್ದು ತೆಗೀರಿ ಪರ್ವಾಗಿಲ್ಲ,” ಎಂದು ಮೆತ್ತಗೆ ಹೇಳಿ, ಅವರದನ್ನು ಸರಿಯಾಗಿ ನೋಡದೆಯೇ ಟಿಕೇಟು ಹರಿದುಕೊಟ್ಟು ಮುಂದೆ ಹೋದ. ಅಕ್ಕ ಎರಡೂ ಕಾರ್ಡುಗಳನ್ನು ಅದೇ ಕವರಿಗೆ ಹಾಕಿ ಗಂಟು ಕಟ್ಟಿಕೊಂಡರು. ಕೆ.ಎಂ.ದೊಡ್ಡಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಸಿಕ್ಕಿಕೊಂಡಿತು. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಗಾಡಿ, ರಸ್ತೆಯುದ್ದಕ್ಕೂ ಉದುರಿಬಿದ್ದ ಜಲ್ಲೆ. ಅರ್ಧ ಗಂಟೆ ಬಸ್ಸು ಅಲ್ಲಾಡಲಿಲ್ಲ. ಅಕ್ಕ ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದರು. ನಿದ್ದೆ ಬಂತು ಎಂದುಕೊಂಡೆ. ಹಿಂದಿನ ಸೀಟಿನ ಮಗುವೊಂದು ಕುಂಯ್ ಎಂದಿತು, ಅಷ್ಟಕ್ಕೇ ಅವರು ಅರ್ಧ ಎದ್ದು ನಿಂತುಬಿಟ್ಟರು. ನಾನು ಕೈ ಹಿಡಿದು ಕೂರಿಸಿದೆ.

ಮಳವಳ್ಳಿಯಲ್ಲಿ ಕಾಫಿ ಕುಡಿದು ಕೊಳ್ಳೇಗಾಲದ ಬಸ್ಸು ಹತ್ತಿದೆವು. ಅದರಲ್ಲಿ ನಿಂತೇ ಹೋಗಬೇಕಾಯಿತು. ಹೊಳೆ ದಾಟಿ ಸತ್ತೇಗಾಲದ ಹ್ಯಾಂಡ್‌ಪೋಸ್ಟು ಎನ್ನುವ ಕೂಡುರಸ್ತೆಯಲ್ಲಿ ಇಳಿದಾಗ ಹನ್ನೊಂದಾಗಿತ್ತು. ಅಲ್ಲಿಂದ ಶಿವನಸಮುದ್ರಕ್ಕೆ ಯಾವ ಗಾಡಿಯೂ ಇರಲಿಲ್ಲ. ಟೀ ಅಂಗಡಿಯ ಮುಂದೆ ಒಂದು ಲಗೇಜ್ ಆಟೊ ನಿಂತಿತ್ತು. ಹಿಂದೆ ಒಂದು ಟಗರು, ಒಂದು ಕುರಿ. ಅದರ ಡ್ರೈವರು ಐವತ್ತು ದಾಟಿದ ಮನುಷ್ಯ, ಬಂಡೂರಿನವನಂತೆ; ಶಿವನಸಮುದ್ರದಲ್ಲಿರುವ ಬೀಗರಿಗೆ ಕುರಿ ಕೊಡಲು ಹೊರಟಿದ್ದ. ನಮ್ಮನ್ನು ನೋಡಿ, “ಕುರಿ ಜೊತೇಲಿ ಕೂರೋದಾದ್ರೆ ಹತ್ತಿ,” ಅಂದ.

ಅಕ್ಕ ಯೋಚಿಸದೆ ಸೀರೆ ಎತ್ತಿಕಟ್ಟಿ ಹತ್ತಿದರು. ನನ್ನನ್ನೂ ಕೈ ಕೊಟ್ಟು ಎಳೆದುಕೊಂಡರು. ಆಟೊ ಹೊರಟಿತು. ಟಗರು ಕಾಲು ಜಾರಿ ಅಕ್ಕನ ಮೇಲೆ ಒರಗಿತು. ಅವರು ಅದರ ಬೆನ್ನಿನ ಮೇಲೆ ಕೈಯಿಟ್ಟು, ಉಣ್ಣೆಯೊಳಗೆ ಬೆರಳು ಹಾಕಿ, ಪಕ್ಕೆ ಒತ್ತಿ ನೋಡಿದರು.

“ಒಳ್ಳೆ ಬಂಡೂರು ಟಗರು ಕಣಮ್ಮಿ. ಕಾಲು ನೋಡು, ಎಷ್ಟು ಗಿಡ್ಡ. ಮೈ ಎಂಗದೆ ನೋಡು, ಮೂಟೆ ಇದ್ದಂಗೆ.”

ಆ ದಿನ ಅವರ ಬಾಯಿಂದ ಬಂದ ಮೊದಲ ಉದ್ದನೆಯ ಮಾತು ಅದು. ಸೇತುವೆ ದಾಟುವಾಗ ಪಕ್ಕದಲ್ಲಿ ಹಳೆಯ ಕಲ್ಲುಸೇತುವೆ ಕಾಣಿಸಿತು, ಅದರ ಕಂಬಗಳ ನಡುವೆ ಹೊಳೆ ಬಂಡೆಗಳನ್ನು ಸುತ್ತಿಕೊಂಡು ಹರಿಯುತ್ತಿತ್ತು. ಇದೇ ನೋಡಿ, ಇಲ್ಲಿಂದ ನಡುಗಡ್ಡೆ ಎಂದು ನಾನು ಹೇಳಿದೆ. ಅವರು ಸುತ್ತ ನೋಡಿದರು. ಭತ್ತದ ಗದ್ದೆ, ಬಣವೆ, ಹಂಚಿನ ಮನೆ, ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತ ಹೆಂಗಸರು.

“ಇದು ನಮ್ಮೂರಂಗೇ ಅದಲ್ಲ. ನೀರೆಲ್ಲಿ ಸುತ್ತ?”

ನಡುಗಡ್ಡೆಯ ಮೇಲೆ ನಿಂತವರಿಗೆ ಅದು ನಡುಗಡ್ಡೆ ಎಂದು ಕಾಣುವುದಿಲ್ಲ ಎಂದು ನಾನು ಟೀಚರಂತೆ ಏನೋ ವಿವರಿಸಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಗದ್ದೆ ನೋಡುವುದಕ್ಕೆ ಇಷ್ಟು ದೂರ ಬರಬೇಕಿತ್ತೇ ಎನ್ನುವುದು ಮುಖದಲ್ಲಿ ಬರೆದಂತಿತ್ತು. ನನಗೂ ಹಾಗೇ ಅನ್ನಿಸತೊಡಗಿತ್ತು. ಬೆನ್ನು ನೋಯುತ್ತಿತ್ತು, ಸೀರೆಯೆಲ್ಲ ಕುರಿಯ ವಾಸನೆ.

ರಂಗನಾಥನ ಗುಡಿಯ ಹತ್ತಿರ ಆಟೊದವನು ಇಳಿಸಿದ. ಹೂವು ಮಾರುವವಳು ತುಳಸಿಮಾಲೆ ಹಿಡಿದು ಬಂದಳು. “ಬ್ಯಾಡ ಕಣವ್ವ, ನಮ್ಗೆ ವರ್ಸ ತುಂಬಿಲ್ಲ,” ಅಂದರು ಅಕ್ಕ. ಮನೆಯಲ್ಲಿ ಸಾವಾಗಿ ವರ್ಷ ತುಂಬುವವರೆಗೆ ನಮ್ಮಲ್ಲಿ ಗುಡಿಗೆ ಹೋಗುವುದಿಲ್ಲ. ಹೊರಗಿನಿಂದಲೇ ಕೈ ಮುಗಿದು, ಭರಚುಕ್ಕಿಯ ಕಡೆಗೆ ಬಿಸಿಲಿನಲ್ಲಿ ನಡೆದೆವು.

ಸದ್ದು ಮೊದಲು ಕೇಳಿಸಿತು. ಆಮೇಲೆ ಮೇಲಿನ ಕಟ್ಟೆಯಿಂದ ನೋಡಿದಾಗ ಜಲಪಾತ ಕಂಡಿತು. ಮಳೆಗಾಲದ ಅಬ್ಬರ ಇರಲಿಲ್ಲ. ಅಗಲವಾದ ಬಂಡೆಯ ಗೋಡೆಯ ಮೇಲಿಂದ ನೀರು ಹತ್ತಾರು ಎಳೆಯಾಗಿ ಇಳಿಯುತ್ತಿತ್ತು. ಅಕ್ಕ ಕಂಬಿ ಹಿಡಿದು ತುಂಬಾ ಹೊತ್ತು ನಿಂತರು. ಚೆನ್ನಾಗಿದೆಯಾ ಎಂದೆ.

“ಏನು?” ಅಂದರು. ಕೇಳಿಸಿರಲಿಲ್ಲ. ನಾನು ಇನ್ನೊಂದು ಸಲ ಜೋರಾಗಿ ಕೇಳಿದೆ. ಅವರು ಕೆಳಗಿನ ತೆಪ್ಪಗಳನ್ನು ತೋರಿಸಿ ಮೆಟ್ಟಿಲು ಇಳಿಯತೊಡಗಿದರು.

ಆ ಮೆಟ್ಟಿಲುಗಳು ಮುಗಿಯುವುದೇ ಇಲ್ಲ. ಅಕ್ಕನ ಮಂಡಿ ಎರಡು ವರ್ಷದಿಂದ ಕೆಟ್ಟಿದೆ. ಅತ್ತೆಯನ್ನು ಎತ್ತಿ ಕೂರಿಸಿ ಕೂರಿಸಿ ಕೆಟ್ಟದ್ದು. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು, ಮಕ್ಕಳು ಇಳಿಯುವ ಹಾಗೆ ಇಳಿದರು. ಕೆಳಗೆ ತಲುಪುವಷ್ಟರಲ್ಲಿ ನನ್ನ ತೊಡೆಗಳೂ ನಡುಗುತ್ತಿದ್ದವು.

ತೆಪ್ಪದವನು ನಮ್ಮಿಬ್ಬರನ್ನು ಎದುರುಬದುರು ಕೂರಿಸಿ ಹುಟ್ಟು ಹಾಕಿದ. ಬಿದಿರಿನ ದುಂಡನೆ ತೆಪ್ಪ, ತಳಕ್ಕೆ ಟಾರು ಬಳಿದ ಚೀಲ. ಹೊಳೆಯ ನಡುವಿಗೆ ಬಂದಮೇಲೆ, ಬಂದವರಿಗೆಲ್ಲ ಮಾಡುವಂತೆ, ತೆಪ್ಪವನ್ನು ಬುಗುರಿಯ ಹಾಗೆ ತಿರುಗಿಸಲು ಹೊರಟ.

“ಸುತ್ತುಸ್ಬ್ಯಾಡ ಕಣಪ್ಪ,” ಅಂದರು ಅಕ್ಕ. “ಸುಮ್ನೆ ಬುಡು. ಎಲ್ಗೆ ಓಯ್ತದೋ ಓಗ್ಲಿ.”

ಅವನು ಹುಟ್ಟು ಎತ್ತಿಕೊಂಡು ಸುಮ್ಮನೆ ಕೂತ. ತೆಪ್ಪ ತನ್ನ ಪಾಡಿಗೆ ಮೆಲ್ಲಗೆ ತೇಲಿತು. ಹನಿ ಹಾರಿ ಬಂದು ಮುಖಕ್ಕೆ ಬೀಳುತ್ತಿತ್ತು. ಅಕ್ಕ ಕೈಯನ್ನು ಮೊಣಕೈವರೆಗೂ ನೀರಿನಲ್ಲಿ ಇಳಿಬಿಟ್ಟಿದ್ದರು. ತೆಪ್ಪದವನು ನನ್ನ ಕಿವಿಯ ಹತ್ತಿರ ಬಾಯಿ ತಂದು ಕೇಳಿದ, “ಅಕ್ಕತಂಗೀರಾ?”

“ವಾರಗಿತ್ತೀರು,” ಅಂದೆ.

“ವಾರಗಿತ್ತೀರು ಇಂಗೆ ಇಬ್ರೇ ಬಂದದ್ದ ನಾ ಕಂಡಿಲ್ಲ ಕಣಮ್ಮ. ಜೊತೇಲಿ ಗಂಡಸ್ರಾದ್ರೂ ಇರ್ತಾರೆ, ಇಲ್ಲ ಜಗಳಾನಾದ್ರೂ ಇರ್ತದೆ.”

ದಡಕ್ಕೆ ಬಂದು, ಜನರಿಂದ ಸ್ವಲ್ಪ ದೂರದಲ್ಲಿ, ನೀರಿನ ಪಕ್ಕ ಒಂದು ಹೊಳೆಮತ್ತಿ ಮರದ ಕೆಳಗೆ ಚಪ್ಪಟೆ ಬಂಡೆಯ ಮೇಲೆ ಕೂತೆವು. ರೊಟ್ಟಿ ಬಿಚ್ಚಿದೆವು. ತಣ್ಣಗಾಗಿ ತೊಗಲಿನಂತಾಗಿದ್ದರೂ ಹಸಿವಿಗೆ ಚೆನ್ನಾಗಿತ್ತು. ಅರ್ಧ ತಿಂದಾಗ ಅಕ್ಕ, ನನ್ನ ಕಡೆ ನೋಡದೆ, ನೀರು ನೋಡುತ್ತಲೇ ಹೇಳಿದರು.

“ನೀನು ಭಾನ್ವಾರ ಬಂದು ಅವ್ರಿಗೆ ತಲೆ ಬಾಚ್ತಿದ್ದಲ್ಲ.”

“ಹೂಂ.”

“ಬಿಸಿಲಿಗೆ ಅಂತ ಜಗ್ಲೀಲಿ ಕುಂಡ್ರುಸ್ಕಂಡು.”

“ಹೂಂ ಅಕ್ಕ.”

“ಬೀದೀಲಿ ಓಗೋರೆಲ್ಲ ನೋಡೋರು. ಕಿರಿ ಸೊಸೆ ನೋಡು, ಓದ್ದೋಳು, ಕೆಲ್ಸ ಇದ್ರೂವೆ ಬಂದು ಅತ್ತೆ ತಲೆ ಬಾಚ್ತಾಳೆ ಅನ್ನೋರು. ಕೋಣೆ ಒಳಗೆ ನಾ ಏನು ಮಾಡ್ತಿದ್ದೆ ಅಂತ ಯಾವನೂ ನೋಡ್ನಿಲ್ಲ. ಹನ್ನೊಂದ್ನೇ ದಿನಾನೂ ನಿನ್ನೇ ಹೊಗಳುದ್ರು. ನಾನು ಒಲೆ ಮುಂದೆ ಕುಂತ್ಕಂಡು ಕೇಳುಸ್ಕಂಡೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳುವ ತ್ರಾಣವೂ ಇದ್ದಂತೆ ಕಾಣಲಿಲ್ಲ. ನಾನಾಗಿ ಯಾರ ಹತ್ತಿರವೂ ಹೇಳಿಕೊಂಡಿಲ್ಲ ಅನ್ನಬಹುದಿತ್ತು. ಆದರೆ ಹೊಗಳಿದಾಗ ತಡೆದದ್ದೂ ಇಲ್ಲ. ಹನ್ನೊಂದನೇ ದಿನ ಯಾರೋ ಮುದುಕಿ ನನ್ನ ಗಲ್ಲ ಹಿಡಿದು ನಿನ್ನಂಥ ಸೊಸೆ ಸಿಗಬೇಕು ಅಂದಾಗ ನಾನು ತಲೆ ತಗ್ಗಿಸಿ ನಿಂತಿದ್ದೆ, ನಿಜ ಹೇಳಬೇಕೆಂದರೆ ಸಂತೋಷವೂ ಆಗಿತ್ತು. ಭಾನುವಾರ ಸಂಜೆ ಬಸ್ಸು ಹತ್ತಿದ ತಕ್ಷಣ ಭುಜದಿಂದ ಏನೋ ಇಳಿದಂತಾಗುತ್ತಿತ್ತು. ಆ ಬಸ್ಸು ಅಕ್ಕನಿಗೆ ಒಂದು ದಿನವೂ ಇರಲಿಲ್ಲ.

“ನೀವು ಹೇಳೋದು ಸರಿ ಅಕ್ಕ,” ಅಂದೆ. “ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.”

“ಬುಡು,” ಅಂದರು. “ನಿನ್ನ ಬಯ್ಯಾಕೆ ಅಂತ ಹೇಳ್ನಿಲ್ಲ. ಒಳಗೇ ಇತ್ತು. ಒಸಿ ಜಾಗ ಬುಡು, ಕಾಲು ನೀಡ್ಕಬೇಕು.”

ನಾನು ಸರಿದೆ. ಅವರು ಸ್ವೆಟರು ಬಿಚ್ಚಿ ಮಡಚಿ ತಲೆಯ ಕೆಳಗೆ ಇಟ್ಟುಕೊಂಡು ಬಂಡೆಯ ಮೇಲೆ ಉರುಳಿದರು. ಐದು ನಿಮಿಷ ಅಂದುಕೊಂಡೆ. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಎದೆ ಒಂದೇ ಸಮ ಏರಿ ಇಳಿಯುತ್ತಿತ್ತು. ಪಕ್ಕದಲ್ಲೇ ಹತ್ತಾರು ಜನರ ಗುಂಪೊಂದು ಫೋಟೊ ತೆಗೆದುಕೊಳ್ಳುತ್ತ ಕಿರುಚುತ್ತಿತ್ತು. ನೀರಿನ ಮೊರೆತದಲ್ಲಿ ಆ ಕಿರುಚಾಟ ನನಗೇ ಸರಿಯಾಗಿ ಕೇಳುತ್ತಿರಲಿಲ್ಲ. ಅವರು ಮಿಸುಕಲಿಲ್ಲ.

ಕೋತಿಗಳು ಬಂದವು. ನಾನು ಒಂದು ಒಣಕೊಂಬೆ ಹಿಡಿದುಕೊಂಡು ಕೂತೆ. ಎದ್ದು ಓಡಿಸಿದರೆ ಚಪ್ಪಲಿ ಸದ್ದಾಗುತ್ತದೆಂದು ಬರಿಗಾಲಲ್ಲಿ ಓಡಿಸಿದೆ. ಒಂದು ದಡೂತಿ ಗಂಡುಕೋತಿ ಮೊಸರನ್ನದ ಡಬ್ಬಿಯನ್ನೇ ಎತ್ತಿಕೊಂಡು ಮರ ಹತ್ತಿತು. ಹೋಗಲಿ ಎಂದು ಬಿಟ್ಟೆ.

ಎರಡು ಗಂಟೆಯ ಹೊತ್ತಿಗೆ ಅಕ್ಕನ ಫೋನು ಅಲುಗಾಡಿತು. ಆ ಗುಂಡಿಯಲ್ಲಿ ನೆಟ್‌ವರ್ಕ್ ಇರುತ್ತದೆ ಎಂದುಕೊಂಡಿರಲಿಲ್ಲ. ಭಾವ. ಎತ್ತದಿದ್ದರೆ ಮತ್ತೆ ಮತ್ತೆ ಮಾಡುತ್ತಾರೆ ಎಂದು ದೂರ ಹೋಗಿ ಎತ್ತಿದೆ.

“ಎಲ್ಲವ್ವ ಅವ್ಳು?”

“ಕಣ್ಣಿಗೆ ಡ್ರಾಪ್ಸ್ ಹಾಕಿದ್ದಾರೆ ಭಾವ. ಕಣ್ಣು ಬಿಡಬಾರದಂತೆ. ಮುಚ್ಚಿಕೊಂಡಿದ್ದಾರೆ.”

“ಏನದು ಸದ್ದು? ಮಳೆನಾ?”

“ಜನರೇಟರ್ ಭಾವ. ಕರೆಂಟು ಹೋಗಿದೆ.”

“ಹಸಾ ಹಿಡ್ಯೋ ಹೊಸ ಹಗ್ಗ ಎಲ್ಲಿ ಮಡ್ಗವ್ಳೆ ಕೇಳು ಒಸಿ.”

ನಾನು ತಿರುಗಿ ನೋಡಿದೆ. ಬಂಡೆಯ ಮೇಲೆ ಹಸಿರು ಸೀರೆ, ಚಾಚಿದ ಎರಡು ಪಾದ, ಸೀಳಿದ ಹಿಮ್ಮಡಿ. “ಎಲ್ಲಿದೆಯೋ ಗೊತ್ತಿಲ್ಲವಂತೆ ಭಾವ. ನೀವೇ ಹುಡುಕಿಕೊಳ್ಳಬೇಕಂತೆ,” ಎಂದು ಹೇಳಿ ಫೋನು ಆಫ್ ಮಾಡಿ ನನ್ನ ಚೀಲಕ್ಕೆ ಹಾಕಿಕೊಂಡೆ.

ಕಾವಲಿನವನು ಎರಡು ಸಲ ಬಂದ. ಮೊದಲ ಸಲ, ಉಷಾರಿಲ್ಲವಾ ಎಂದು ಸನ್ನೆಯಲ್ಲಿ ಕೇಳಿದ. ನಿದ್ದೆ ಎಂದು ನಾನೂ ಸನ್ನೆ ಮಾಡಿದೆ. ಎರಡನೇ ಸಲ ಗಡಿಯಾರ ತೋರಿಸಿ, ಹತ್ತಿರ ಬಂದು, “ಐದ್ರೊಳಗೆ ಮ್ಯಾಲಿರ್ಬೇಕು. ಮನಿಕ್ಕಳ್ಳಿ ಬುಡಿ ಅಲ್ಲೀಗಂಟ,” ಅಂದು ಹೋದ.

ಅಷ್ಟು ಹೊತ್ತು ನಾನು ಏನು ಯೋಚಿಸಿದೆ ಎಂದರೆ, ದೊಡ್ಡದೇನೂ ಇಲ್ಲ. ನೀರು ನೋಡಿದೆ. ನಾಳಿನ ಪಾಠ ನೆನಪಾಗಿ ಮರೆತೆ. ಮೂರು ವರ್ಷದಲ್ಲಿ ನಾನು ಒಂದು ಸಲವಾದರೂ, ಅಕ್ಕ ಈ ವಾರ ನೀವು ಮಂಡ್ಯಕ್ಕೆ ಹೋಗಿ, ನಾನು ರಜೆ ಹಾಕಿ ಇಲ್ಲಿರುತ್ತೇನೆ ಅಂದಿದ್ದೇನೆಯೇ ಎಂದು ಹುಡುಕಿದೆ. ಅಂದಿರಲಿಲ್ಲ. ಹೊಳೆಯ ಆಚೆ ಬಿಸಿಲು ಬಂಡೆಯಿಂದ ಬಂಡೆಗೆ ಸರಿಯುತ್ತ ಹೋಯಿತು. ನೆರಳು ಜರುಗಿ ಅಕ್ಕನ ಮುಖಕ್ಕೆ ಬಿಸಿಲು ಬಿದ್ದಾಗ, ನನ್ನ ಸೆರಗಿನ ತುದಿಯನ್ನು ಕೋಲಿಗೆ ಸಿಕ್ಕಿಸಿ ಹಿಡಿದುಕೊಂಡು ಕೂತೆ. ಕೈ ಸೋತಾಗ ಕೈ ಬದಲಾಯಿಸಿದೆ.

ನಾಲ್ಕೂ ಕಾಲಿಗೆ ಅವರಾಗಿಯೇ ಎದ್ದರು. ಎದ್ದು ಕೂತು, ಎಲ್ಲಿದ್ದೇನೆ ಎಂದು ತಿಳಿಯದವರಂತೆ ಸುತ್ತ ನೋಡಿದರು. ಕೆನ್ನೆಯ ಮೇಲೆ ಸ್ವೆಟರಿನ ಹೆಣಿಗೆಯ ಅಚ್ಚು ಮೂಡಿತ್ತು.

“ಎಷ್ಟೊತ್ತು ಮನಿಕ್ಕಂಡಿದ್ದೆ?”

“ಮೂರು ಗಂಟೆ ಅಕ್ಕ.”

“ಯಾಕೆ ಎಬ್ಬುಸ್ನಿಲ್ಲ?”

ನಾನು ಸೆರಗನ್ನು ಕೋಲಿನಿಂದ ಬಿಡಿಸಿಕೊಂಡೆ. ಅವರು ಹೊಳೆಗೆ ಹೋಗಿ ಮುಖ ತೊಳೆದುಕೊಂಡರು. ಮೊಸರನ್ನದ ಡಬ್ಬಿ ಎಲ್ಲಿ ಎಂದರು. ಕೋತಿ ಒಯ್ದಿತು ಎಂದೆ. “ಹೊಸಾ ಡಬ್ಬಿ ಕಣಮ್ಮಿ ಅದು,” ಎಂದು ಮರದ ಕಡೆ ನೋಡಿದರು. ಭಾವ ಫೋನು ಮಾಡಿದ್ದನ್ನೂ ಜನರೇಟರಿನ ಕಥೆಯನ್ನೂ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತ ಕೆಮ್ಮು ಬಂತು.

ಹತ್ತುವ ಮೆಟ್ಟಿಲುಗಳು ಇಳಿಯುವ ಮೆಟ್ಟಿಲುಗಳಿಗಿಂತ ಕೆಟ್ಟವು. ಇಪ್ಪತ್ತು ಮೆಟ್ಟಿಲಿಗೊಮ್ಮೆ ಕೂತೆವು. ಒಮ್ಮೆ ನಾನು ಅವರ ಕೈ ಹಿಡಿದರೆ ಇನ್ನೊಮ್ಮೆ ಅವರು ನನ್ನ ಕೈ ಹಿಡಿದರು. ಮೇಲೆ ಬಂದಾಗ ಐದಾಗಿ ಹೋಗಿತ್ತು. ಹ್ಯಾಂಡ್‌ಪೋಸ್ಟಿಗೆ ಹೋಗುವ ಗಾಡಿ ಒಂದೂ ಇಲ್ಲ. ಒಂದು ಮೈಲಿ ನಡೆದಿರಬೇಕು, ಹಿಂದಿನಿಂದ ಹುಲ್ಲು ತುಂಬಿದ ಟ್ರ್ಯಾಕ್ಟರು ಬಂತು. ಅಕ್ಕ ರಸ್ತೆಯ ನಡುವೆ ನಿಂತು ಕೈ ಅಡ್ಡ ಹಾಕಿದರು. ಡ್ರೈವರಿನ ಎರಡೂ ಪಕ್ಕದ ಮಡ್‌ಗಾರ್ಡಿನ ಮೇಲೆ ಒಬ್ಬೊಬ್ಬರು ಕೂತು, ಕಂಬಿ ಹಿಡಿದುಕೊಂಡು, ಎಲುಬೆಲ್ಲ ಅದುರಿಸಿಕೊಂಡು ಹ್ಯಾಂಡ್‌ಪೋಸ್ಟು ತಲುಪಿದೆವು. ಅಲ್ಲಿಂದ ಮಳವಳ್ಳಿಯ ಬಸ್ಸು. ಮಳವಳ್ಳಿಯಿಂದ ಮಂಡ್ಯದ ಬಸ್ಸು. ಎರಡರಲ್ಲೂ ನಿಂತೇ ಬಂದೆವು.

ಮಂಡ್ಯ ಮುಟ್ಟಿದಾಗ ಎಂಟು ಗಂಟೆ. ಊರಿನ ಬಸ್ಸು ಹೋಗಿಬಿಟ್ಟಿತ್ತು. ಅಕ್ಕ ಭಾವನಿಗೆ ತಾವೇ ಫೋನು ಮಾಡಿದರು. ನಾನು ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ.

“ಬಸ್ಸು ತಪ್ಪೋಯ್ತು. ಇಲ್ಲೇ ಮನಿಕ್ಕಂಡು ಬೆಳಿಗ್ಗೆ ಬತ್ತೀನಿ.” ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿಸಿಕೊಂಡರು. ಆಮೇಲೆ, “ಕಣ್ಣು ತೋರುಸ್ನಿಲ್ಲ. ಸಿವನ್ಸಮುದ್ರುಕ್ಕೆ ಓಗಿದ್ದೊ,” ಅಂದರು.

ಆ ಕಡೆಯಿಂದ ಏನು ಬಂತೋ ಗೊತ್ತಿಲ್ಲ. ಅಕ್ಕ ಹೂಂ, ಹೂಂ ಅಂದು, “ಹಗ್ಗ ಕೊಟ್ಗೆ ಅಟ್ಟದ ಮ್ಯಾಲದೆ,” ಎಂದು ಹೇಳಿ ಇಟ್ಟರು.

“ಏನಂದ್ರು ಭಾವ?”

“ನೀರು ಎಷ್ಟಿತ್ತು ಅಂದ್ರು.”

ಮರುದಿನ ಬೆಳಿಗ್ಗೆ ಆರೂವರೆಗೆ ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟುಬಂದೆ. ಕಿಟಕಿ ಪಕ್ಕ ಕೂತು, ಕೂತ ತಕ್ಷಣ ಪಕ್ಕದ ಹೆಂಗಸಿನ ಜೊತೆ ಅವಳ ಬುಟ್ಟಿಯ ಅವರೆಕಾಯಿಯ ವಿಚಾರ ಮಾತು ಶುರು ಮಾಡಿದರು. ನನಗೆ ಮೊದಲನೇ ಪಿರಿಯಡ್ಡಿಗೆ ಹೋಗಬೇಕಿತ್ತು. ಹೋದೆ. ಶಾಲೆಯ ಮಹಡಿಯ ಮೆಟ್ಟಿಲು ಹತ್ತುವಾಗ ಕಾಲು ಎತ್ತಲಾಗದೆ ಗೋಡೆ ಹಿಡಿದು ಹತ್ತಿದೆ. ಮಕ್ಕಳು ಹಿಂದಿನಿಂದ ಮುಸಿಮುಸಿ ನಗುತ್ತಿದ್ದದ್ದು ಕೇಳಿಸಿತು.

ಅದೇನೂ ಎಲ್ಲವನ್ನೂ ಸರಿ ಮಾಡಿದ ಪ್ರವಾಸವಲ್ಲ. ಅಕ್ಕ ಈಗಲೂ ನಡುನಡುವೆ ಎದ್ದು ಹೋಗಿ ಆ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾರಂತೆ, ಮೊದಲಿಗಿಂತ ಕಡಿಮೆಯಂತೆ. ಅತ್ತೆಯನ್ನು ಯಾರು ನೋಡಿಕೊಂಡರು ಎನ್ನುವ ಮಾತು ನೆಂಟರ ಮನೆಯ ಒಂದು ಮದುವೆಯಲ್ಲಿ ಬಂದಾಗ, ನಾನು ಎಲ್ಲರೆದುರಿಗೆ ಅಕ್ಕನ ಹೆಸರು ಹೇಳಿದೆ. ಹನ್ನೊಂದನೇ ದಿನವೇ ಹೇಳಬೇಕಿದ್ದ, ಎರಡು ವರ್ಷ ತಡವಾಗಿ ಹೇಳಿದ ಮಾತು ಅದು. ಅವರು ಅಲ್ಲಿರಲಿಲ್ಲ.

ಆದರೆ ಆಗ, ಶಿವನಸಮುದ್ರದಿಂದ ಬಂದ ಮೂರನೇ ದಿನ, ಶನಿವಾರ ಮಧ್ಯಾಹ್ನ, ಅಕ್ಕನ ಫೋನು ಬಂತು. ಏನು ಬೇಕಾಗಿತ್ತೋ ಎಂದುಕೊಂಡು ಎತ್ತಿದೆ.

“ನಿಂಗೂ ಕಾಲು ನೋಯ್ತವಾ?”

“ನೋಯ್ತಿದೆ ಅಕ್ಕ. ಮೆಟ್ಟಿಲು ಹತ್ತೋಕಾಗ್ತಿಲ್ಲ.”

“ನಂಗೂವೆ. ಹಸಿನ ಕೆಳಗೆ ಕುಂತ್ರೆ ಏಳಾಕಾಯ್ತಿಲ್ಲ.”

ಆ ಕಡೆಯಿಂದ ಹಸು ಕೂಗಿದ್ದು, ಯಾರೋ ಮೋಟರು ಹಾಕಿದ್ದು ಕೇಳಿಸಿತು.

“ಸರಿ, ಮಡುಗ್ತೀನಿ,” ಎಂದು ಇಟ್ಟರು. ಬೇರೆ ಏನೂ ಬೇಕಾಗಿರಲಿಲ್ಲ.